ಸಹಿ ಹಾಕುವ ಮುಂಚೆ ಗುರಿಯ ಸಾಲು ಓದಿ

ಅಂಗವೈಕಲ್ಯ ಇರುವ ಮಗುವಿಗೆಂದೇ ಶಾಲೆ ಬರೆಯುವ ಕಲಿಕೆಯ ಯೋಜನೆಗೆ ಐಇಪಿ ಎನ್ನುತ್ತಾರೆ, ಅಂದರೆ ವೈಯಕ್ತಿಕ ಶಿಕ್ಷಣ ಯೋಜನೆ. ಅಪ್ಪ ಅಮ್ಮ ಸೀದಾ ಕೊನೇ ಪುಟಕ್ಕೆ ಸಹಿ ಹಾಕಿ ಎದ್ದು ಬರುವುದನ್ನು ಎಷ್ಟೋ ಸಲ ನೋಡಿದ್ದೇನೆ. ವರ್ಷದ ಕೊನೆಗೆ ಮಗು ಏನು ಕಲಿಯಿತು ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ.

ಮೊದಲು, ಈ ಯೋಜನೆಗಾಗಿ ಶಾಲೆ ಕರೆಯುವ ಸಭೆಗೆ ಮುಂಚೆಯೇ ಅದರ ಕರಡು ಪ್ರತಿ ತರಿಸಿಕೊಳ್ಳಿ. ಹಳೆಯ ವರದಿಗಳೂ ಜೊತೆಗಿರಲಿ.

ಆಮೇಲೆ ‘ಈಗಿನ ಮಟ್ಟ’ ಎಂಬ ಭಾಗ ನೋಡಿ. ‘ಓದಿನಲ್ಲಿ ಹಿಂದಿದ್ದಾಳೆ’ ಅಂತಿದ್ದರೆ ಸಾಲದು. ‘ಸರಳ ಪದ ಓದುತ್ತಾಳೆ, ಒತ್ತಕ್ಷರ ಬಂದರೆ ನಿಲ್ಲುತ್ತಾಳೆ’ ಅಂತಿರಬೇಕು.

ಮೂರನೆಯದು ಗುರಿ. ಎಲ್ಲರೂ ಎಡವುವುದು ಇಲ್ಲೇ. ‘ಓದುವ ಸಾಮರ್ಥ್ಯ ಸುಧಾರಿಸುವುದು’ ಅನ್ನುವುದು ಬರೀ ಹಾರೈಕೆ. ಏನು ಮಾಡಬೇಕು, ಯಾವ ನೆರವಿನಿಂದ, ಎಷ್ಟು ಸರಿ ಇರಬೇಕು, ಯಾವಾಗಿನೊಳಗೆ ಎಂಬ ನಾಲ್ಕೂ ಅದರಲ್ಲಿ ಇರಲೇಬೇಕು. ‘ಒತ್ತಕ್ಷರದ 20 ಹೊಸ ಪದ ಕೊಟ್ಟರೆ, ಯಾರೂ ಹೇಳಿಕೊಡದೆ 16 ಪದ ಸರಿಯಾಗಿ ಓದುತ್ತಾಳೆ, ಡಿಸೆಂಬರ್ ಮುಗಿಯುವುದರೊಳಗೆ.’ ಹೀಗೆ ಬರೆಸಿ. ‘ಹೊಸ’ ಅನ್ನುವ ಪದ ಬಿಡಬೇಡಿ. ಬಿಟ್ಟರೆ ಅದೇ ಪಾಠದ ಪದಗಳನ್ನು ಬಾಯಿಪಾಠ ಮಾಡಿಸಿ ಗುರಿ ಮುಟ್ಟಿತು ಅಂದುಬಿಡಬಹುದು. ಮಗುವಿನ ಪರಿಚಯವೇ ಇಲ್ಲದ ಟೀಚರ್ ಈ ಸಾಲು ಓದಿ ಪರೀಕ್ಷೆ ಮಾಡಲು ಆಗುತ್ತದಾ? ಆಗದಿದ್ದರೆ ತಿದ್ದಿಸಿ. ಗುರಿಗಳು ಮೂರೋ ನಾಲ್ಕೋ ಇರಲಿ, ಜಾಸ್ತಿ ಬೇಡ. ಇಂಟರ್ನೆಟ್‌ನಲ್ಲಿ ಸಿಗುವ ರೆಡಿಮೇಡ್ ಗುರಿಗಳ ಪಟ್ಟಿಯನ್ನಂತೂ ಮುಟ್ಟಲೇಬೇಡಿ. ಅದರಲ್ಲಿ ನಿಮ್ಮ ಮಗು ಇರುವುದಿಲ್ಲ.

ಇಷ್ಟೆಲ್ಲ ಕೇಳಿದರೆ ಟೀಚರ್ ಬೇಜಾರು ಮಾಡಿಕೊಳ್ಳುತ್ತಾರೇನೋ ಎಂಬ ಅಳುಕು ಬೇಡ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿಯಲ್ಲೇ ಪ್ರತಿ ಮಗುವಿಗೂ ತಕ್ಕ ನೆರವಿನ ಮಾತಿದೆ. ನೀವು ಕೇಳುತ್ತಿರುವುದು ಹಕ್ಕು.

ನಾಲ್ಕನೆಯದಾಗಿ ನೆರವಿನ ಪಟ್ಟಿ. ಹೆಚ್ಚು ಸಮಯ, ದೊಡ್ಡಕ್ಷರದ ಪ್ರಶ್ನೆಪತ್ರಿಕೆ, ಬರೆದುಕೊಡುವವರು, ಇವು ಪಾಠವನ್ನು ಕಡಿಮೆ ಮಾಡುವುದಿಲ್ಲ. ಪಾಠವನ್ನೇ ಕಡಿತ ಮಾಡುವುದು ಬೇರೆ ವಿಷಯ. ಮುಂದಿನ ತರಗತಿಗೆ, ಪರೀಕ್ಷೆಗೆ ಅದರಿಂದ ಏನಾಗುತ್ತದೆ ಅಂತ ಕೇಳದೆ ಒಪ್ಪಬೇಡಿ. ‘ಅಗತ್ಯವಿದ್ದರೆ’ ಎಂಬ ಪದ ಕಂಡಲ್ಲೆಲ್ಲ ಹೊಡೆದುಹಾಕಿಸಿ. ಯಾರು, ವಾರಕ್ಕೆ ಎಷ್ಟು ನಿಮಿಷ, ಯಾವ ಕೋಣೆಯಲ್ಲಿ ಅಂತ ಬರೆಸಿ.

ಸಹಿಯನ್ನು ಅದೇ ದಿನ ಹಾಕಬೇಡಿ. ಮನೆಗೆ ತಂದು ಮಗುವಿಗೂ ಓದಿ ಹೇಳಿ. ‘ಎಲ್ಲರೆದುರು ನನ್ನನ್ನ ಬೇರೆ ಕೋಣೆಗೆ ಕರ್ಕೊಂಡು ಹೋಗೋದು ಬೇಡ’ ಅಂತ ಅದು ಹೇಳಿದರೆ ಅದನ್ನೂ ಸೇರಿಸಿ. ಮೂರು ತಿಂಗಳ ನಂತರದ ಪರಿಶೀಲನೆಯ ತಾರೀಖನ್ನು ಯೋಜನೆಯಲ್ಲೇ ಬರೆಸಿ, ಒಂದು ಪ್ರತಿ ಇಟ್ಟುಕೊಂಡು, ಆಮೇಲೆ ಸಹಿ ಹಾಕಿ.