ಹಾಸನದಲ್ಲಿ ಲಾಟೆ ಕುದುರಿಸಿದ್ದು: ನನ್ನ ಅನುಭವ

ಹಾಸನದಲ್ಲಿ ಲಾಟೆ (ಎಸ್ಪ್ರೆಸ್ಸೊ ಕಾಫಿಗೆ ನೊರೆಹಾಲು ಬೆರೆಸಿದ್ದು) ನಡೆಯಲ್ಲ ಅಂತ ಮೊದಲು ಹೇಳಿದವರು ನನ್ನ ಕಾಫಿ ಅಂಗಡಿಗೆ ಮಷಿನ್ ಮಾರಿದವರೇ. "ಕ್ಯಾಪುಚಿನೊ ಮೇಲೆ ಚಾಕೊಲೇಟ್ ಪುಡಿ ಉದುರಿಸಿ ಕೊಡಿ ಸಾರ್, ಲಾಟೆ ಮೆನುವಲ್ಲಿ ಹೆಸರಿಗೆ ಇರಲಿ" ಅಂದಿದ್ದರು. ಬೆಂಗಳೂರಿನಲ್ಲಿ ಕಾಫಿಕಾಳು ಹುರಿಯುವ ಗೆಳೆಯರೊಬ್ಬರು ನನ್ನ ಬ್ಲೆಂಡ್ (ಕಾಳುಗಳ ಮಿಶ್ರಣ) ಕೇಳಿ "ಲಾಟೆಗೆ ರೋಬಸ್ಟಾನಾ? ಬೇಡ ಬಿಡಿ" ಅಂದರು. ನನಗೆ ಕಾಳು ಕೊಡುವ ಸಕಲೇಶಪುರ ಕಡೆಯ ಬೆಳೆಗಾರರಂತೂ "ಅದು ಇನ್‌ಸ್ಟಂಟ್ ಫ್ಯಾಕ್ಟರಿಗೆ ಹೋಗೋ ಮಾಲು ಕಣ್ರೀ" ಅಂತ ಮಾತು ಮುಗಿಸಿಬಿಟ್ಟರು.

ಈಗ ದಿನಕ್ಕೆ ಹೆಚ್ಚುಕಡಿಮೆ 70 ಲಾಟೆ ಹೋಗುತ್ತೆ, ಭಾನುವಾರ ನೂರು ದಾಟುತ್ತೆ. ಕುಡಿಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಕ್ಕರೆ ಮುಟ್ಟುವುದಿಲ್ಲ. ಫಿಲ್ಟರ್ ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿಕೊಂಡೇ ಬೆಳೆದ ಊರಲ್ಲಿ ಇದು ಸಣ್ಣ ಮಾತಲ್ಲ. ಶಾಟ್ ತೆಗೆಯೋದು (ಮಷಿನ್ನಿನಲ್ಲಿ ಗಟ್ಟಿ ಕಾಫಿ ಇಳಿಸೋದು), ಹಾಲು ಸ್ಟೀಮ್ ಮಾಡೋದು (ಆವಿ ಕೊಟ್ಟು ಕಾಯಿಸಿ ನೊರೆ ಬರಿಸೋದು) ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ, ಆ ಪಾಠ ಇಲ್ಲಿ ಇಲ್ಲ.

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಲಾಟೆಗೆ ಕಾಳು ಆರಿಸುವಾಗ ನಾನು ಕಪ್ಪು ಕಾಫಿ ಕುಡಿದು ನೋಡುವುದನ್ನೇ ಬಿಟ್ಟೆ. ಹಾಲಿನಲ್ಲೇ ರುಚಿ ನೋಡುತ್ತೇನೆ. ಒಂದು ಶಾಟ್ ತೆಗೆದು, ತಕ್ಕಡಿ ಮೇಲೆ ತೂಗಿ ಮೂರು ಪುಟ್ಟ ಗ್ಲಾಸಿಗೆ ಸಮನಾಗಿ ಹಂಚುತ್ತೇನೆ. ಒಂದಕ್ಕೆ ಕಾಫಿಯ ಮೂರರಷ್ಟು ಹಾಲು, ಇನ್ನೊಂದಕ್ಕೆ ನಾಲ್ಕರಷ್ಟು, ಮತ್ತೊಂದಕ್ಕೆ ಐದರಷ್ಟು. ಹಾಲು 60 ಡಿಗ್ರಿ ಆಸುಪಾಸಿನಲ್ಲಿರಬೇಕು. ಬಿಸಿಯಲ್ಲಿ ಒಂದು ಗುಟುಕು, ಹತ್ತು ನಿಮಿಷ ಬಿಟ್ಟು ಆರಿದ ಮೇಲೆ ಇನ್ನೊಂದು ಗುಟುಕು. ಐದರಷ್ಟು ಹಾಲಿನಲ್ಲೂ, ಆರಿದ ಮೇಲೂ ಕಾಫಿ ಅಂತ ಗೊತ್ತಾಗುವ ಕಾಳು ಮಾತ್ರ ನನಗೆ ಬೇಕು. ಬಹಳ ಕಾಳುಗಳು ಈ ಮೂರನೇ ಗ್ಲಾಸಿನಲ್ಲೇ ಬಿದ್ದುಹೋಗುತ್ತವೆ.

ಮೊದಲು ಬಿದ್ದದ್ದು ಬಲು ದುಬಾರಿ ಮಾಲು. ಕೆಜಿಗೆ 1,400 ಕೊಟ್ಟು ತಂದ ಲೈಟ್ ರೋಸ್ಟ್ ಅರೇಬಿಕಾ. ಕಪ್ಪಿಂಗ್ ಟೇಬಲ್ ಮೇಲೆ, ಅಂದರೆ ಹಾಲಿಲ್ಲದೆ ರುಚಿ ನೋಡುವಾಗ, ಕಿತ್ತಳೆ, ಹೂವು ಅಂತ ಘಮ್ಮೆನ್ನುತ್ತಿತ್ತು. ಹಾಲು ಬೆರೆತ ಕೂಡಲೇ ಆ ಪರಿಮಳವೆಲ್ಲ ಮಾಯ, ಹುಳಿ ಮಾತ್ರ ಉಳಿಯಿತು. ಕಾಲೇಜು ಹುಡುಗಿಯೊಬ್ಬಳು ಒಂದು ಗುಟುಕು ಕುಡಿದು "ಅಣ್ಣ, ಹಾಲು ಒಡೆದಿದೆಯಾ?" ಅಂದಳು. ಹಾಲು ಒಡೆದಿರಲಿಲ್ಲ, ಆದರೆ ನಾಲಿಗೆಗೆ ಹಾಗೇ ಅನ್ನಿಸುತ್ತಿತ್ತು. ಬರೀ ಆ ಸುತ್ತಿನಲ್ಲೇ ಕಾಳು, ಹಾಲು ಸೇರಿ 20,000ದ ಹತ್ತಿರ ಹೋಯಿತು. ಆಮೇಲೆ ಎಣ್ಣೆ ಜಿನುಗುವಷ್ಟು ಡಾರ್ಕ್ ರೋಸ್ಟ್‌ಗೆ ಹೋದೆ. ಹಾಲನ್ನು ಸೀಳಿಕೊಂಡು ಬರುತ್ತೆ, ನಿಜ. ಆದರೆ ಗಂಟಲಲ್ಲಿ ಬೂದಿಯ ಕಹಿ ಕೂರುತ್ತೆ. ಆ ವಾರ ಟೇಬಲ್ ಮೇಲೆ ಸಕ್ಕರೆ ಪೊಟ್ಟಣ ಉಳಿಯುತ್ತಲೇ ಇರಲಿಲ್ಲ.

ದಾರಿ ಸಿಕ್ಕಿದ್ದು ಪಲ್ಪ್ ಮಾಡಿದ, ಅಂದರೆ ಹಣ್ಣಿನ ಸಿಪ್ಪೆ ತೆಗೆದ ರೋಬಸ್ಟಾದಿಂದ. ಚೆರಿ ಅಲ್ಲ, ಪಾರ್ಚ್‌ಮೆಂಟ್. ಹಣ್ಣು ಸಮೇತ ಕಣದಲ್ಲಿ ಒಣಗಿಸಿದ ಚೆರಿಯಲ್ಲಿ ಮಣ್ಣು, ಗೋಣಿಚೀಲದ ವಾಸನೆ ಹಾಲಿನಲ್ಲಿ ಇನ್ನೂ ಎದ್ದು ಕಾಣುತ್ತೆ. ಹಣ್ಣಾದದ್ದನ್ನೇ ಕಿತ್ತು, ಪಲ್ಪ್ ಮಾಡಿ, ತೊಳೆದು ಒಣಗಿಸಿದ ರೋಬಸ್ಟಾದಲ್ಲಿ ಅದು ಇಲ್ಲ. ಹುಳಿ ಕಡಿಮೆ, ಮೈ (ಬಾಯಿ ತುಂಬುವ ಗಟ್ಟಿತನ) ಜಾಸ್ತಿ, ಕ್ರೆಮಾ (ಶಾಟ್ ಮೇಲಿನ ಕಂದು ನೊರೆ) ದಪ್ಪ. ಒಗರು ಇದ್ದೇ ಇದೆ, ಕಪ್ಪು ಕಾಫಿಯಲ್ಲಿ ಕುಡಿದರೆ ಮುಖ ಕಿವುಚುವಷ್ಟು. ಆದರೆ ಹಾಲಿನ ಪ್ರೋಟೀನು ಆ ಒಗರನ್ನು ಹಿಡಿದು ಕೂರಿಸುತ್ತೆ, ಕೋಕೋ ಮತ್ತು ಹುರಿದ ಕಡಲೆಕಾಯಿಯ ರುಚಿ ಮುಂದೆ ಬರುತ್ತೆ. ಕಪ್ಪು ಕಾಫಿಯಲ್ಲಿ ಸೋತದ್ದು ಹಾಲಲ್ಲಿ ಗೆದ್ದಿತು. ಮೂರನೇ ಗ್ಲಾಸನ್ನು ಆ ಬೆಳೆಗಾರರಿಗೇ ಕುಡಿಸಿದೆ. ಏನೂ ಹೇಳಲಿಲ್ಲ, ಇನ್ನೊಂದು ಕೊಡಿ ಅಂದರು.

ಈಗಿನ ಬ್ಲೆಂಡ್‌ನಲ್ಲಿ ಸುಮಾರು 60 ಭಾಗ ಪ್ಲಾಂಟೇಷನ್ ಎ (ತೊಳೆದು ಒಣಗಿಸಿದ ದಪ್ಪ ಕಾಳಿನ ದರ್ಜೆ) ಅರೇಬಿಕಾ, 40ರ ಒಳಗೆ ರೋಬಸ್ಟಾ ಪಾರ್ಚ್‌ಮೆಂಟ್. ಇದರ ಜೊತೆ ಮೂರನೆಯ ಕಾಳು ಒಂದು ಚೂರು ಬೀಳುತ್ತೆ. ಅದು ಯಾವುದು, ಎಷ್ಟು ಅಂತ ಹೇಳುವುದಿಲ್ಲ, ಎರಡು ವರ್ಷದ ಗಳಿಕೆ ಅದು. ಮಾನ್ಸೂನ್ಡ್ ಮಲಬಾರ್ (ಮಳೆಗಾಲದ ತೇವಗಾಳಿಗೆ ಒಡ್ಡಿ ಹದಮಾಡಿದ ಕಾಳು) ಅಲ್ಲ ಅಂತ ಮಾತ್ರ ಹೇಳಬಲ್ಲೆ. ಅದನ್ನೂ ಹಾಕಿ ನೋಡಿದ್ದೇನೆ, ಮೈ ಚೆನ್ನಾಗಿ ಬರುತ್ತೆ, ಆದರೆ ಮಳೆಗಾಲದ ಗೋದಾಮಿನ ವಾಸನೆ ನನ್ನ ಗಿರಾಕಿಗಳಿಗೆ ಒಗ್ಗಲಿಲ್ಲ. ರೋಸ್ಟ್ ಮೀಡಿಯಂಗಿಂತ ಒಂದು ಎಳೆ ಮುಂದೆ, ಎಣ್ಣೆ ಕಾಣಿಸುವ ಮೊದಲೇ ನಿಲ್ಲಿಸಬೇಕು. ಅರೇಬಿಕಾ, ರೋಬಸ್ಟಾ ಬೇರೆಬೇರೆ ಹುರಿಸಿ ಆಮೇಲೆ ಬೆರೆಸುತ್ತೇನೆ. ಹುರಿದ ಮೇಲೆ ಹತ್ತು ದಿನವಾದರೂ ಸುಮ್ಮನೆ ಇಡಬೇಕು. ಅವಸರಕ್ಕೆ ಬೇಗ ಬಳಸಿದರೆ ಶಾಟ್ ಬರೀ ನೊರೆ, ರುಚಿ ಒರಟು.

ಶಾಟ್ ಗಿಡ್ಡ, ಅಂದರೆ ಕಾಫಿ ಕಡಿಮೆ ಇಳಿಸುತ್ತೇನೆ. 18 ಗ್ರಾಂ ಪುಡಿಗೆ 30-32 ಗ್ರಾಂ ಕಾಫಿ, 27 ಸೆಕೆಂಡು ಆಸುಪಾಸು. 40 ಗ್ರಾಂವರೆಗೆ ಬಿಟ್ಟರೆ ರೋಬಸ್ಟಾದ ಕಹಿ ಕೊನೆಗೆ ಬಂದು ಸೇರಿಕೊಳ್ಳುತ್ತೆ, ಹಾಲು ಅದನ್ನು ಮುಚ್ಚುವುದಿಲ್ಲ. ಕಪ್ಪಿನ ಅಳತೆ 180 ಎಂಎಲ್. 300ರ ಗ್ಲಾಸು ಇಟ್ಟಾಗ ಜನ "ಇಷ್ಟೊಂದು!" ಅಂತ ಖುಷಿಪಟ್ಟು ಅರ್ಧ ಬಿಟ್ಟು ಹೋಗುತ್ತಿದ್ದರು.

ಹಾಲಿನ ಕಥೆ ಇನ್ನೂ ಉದ್ದ. ಬೀದಿಯಲ್ಲಿ ಕರೆದು ಕೊಡುವ ಹಸಿ ಹಾಲಿಂದ ಶುರುಮಾಡಿದೆ, ರುಚಿ ದಿನಕ್ಕೊಂದು. ಹಸುವಿನ ಮೇವು ಬದಲಾದರೆ ನನ್ನ ಲಾಟೆಯೂ ಬದಲಾಗುತ್ತಿತ್ತು. ಕಾಯಿಸಿ ಆರಿಸಿದರೆ ಕೆನೆ, ಬೆಂದ ವಾಸನೆ. ನಂದಿನಿ ಸಮೃದ್ಧಿ, 6% ಕೊಬ್ಬಿನದು, ನಾಲಿಗೆ ಮೇಲೆ ಕೆನೆ ಬಳಿದು ಕಾಫಿಯನ್ನೇ ಮುಚ್ಚಿಬಿಡುತ್ತೆ. ನೀಲಿ ಪ್ಯಾಕೆಟ್ಟಿನ 3% ನೊರೆ ಚೆನ್ನಾಗಿ ಬರುತ್ತೆ, ಕುಡಿದರೆ ತೆಳು. ಡಬ್ಬಿಯ ಯುಎಚ್‌ಟಿ ಹಾಲಿಗೆ ನೊರೆ ಯಾವತ್ತೂ ಕೈಕೊಡುವುದಿಲ್ಲ, ಆದರೆ 130 ಡಿಗ್ರಿ ದಾಟಿ ಕಾದ ವಾಸನೆ ಕೊನೆಗೆ ಉಳಿಯುತ್ತೆ. ನಿಂತದ್ದು ಹಸಿರು ಪ್ಯಾಕೆಟ್ಟಿನ ಹೋಮೊಜಿನೈಸ್ಡ್ (ಕೆನೆ ಬೇರೆಯಾಗದಂತೆ ಬೆರೆಸಿದ) ಹಸುವಿನ ಹಾಲಿಗೆ, 3.5% ಕೊಬ್ಬು. ತೆಳುವೂ ಅಲ್ಲ, ಭಾರವೂ ಅಲ್ಲ.

ಒಂದು ಬೇಸಿಗೆ ನೊರೆ ಕೈಗೇ ಸಿಗುತ್ತಿರಲಿಲ್ಲ. ಸ್ಟೀಮ್ ಕೊಟ್ಟರೆ ಸೋಡಾದ ಹಾಗೆ ಚರ್ ಅಂತ ಎದ್ದು, ಜಗ್ ಕೆಳಗಿಡುವಷ್ಟರಲ್ಲಿ ಸತ್ತುಹೋಗುತ್ತಿತ್ತು. ಆವಿ ಬರುವ ಕೊಳವೆಯ (ವಾಂಡ್) ತುದಿ ಬದಲಾಯಿಸಿದೆ, ಸರ್ವಿಸ್‌ನವರನ್ನು ಕರೆಸಿ 3,000ದಷ್ಟು ಕೊಟ್ಟೆ. ವಿಷಯ ಹಾಲಿನದೇ ಆಗಿತ್ತು. ನಾನು ಕೊಳ್ಳುತ್ತಿದ್ದ ಅಂಗಡಿಯಲ್ಲಿ ಕರೆಂಟ್ ಹೋದಾಗ ಪ್ಯಾಕೆಟ್ಟುಗಳು ಬೆಚ್ಚಗಾಗಿ, ಮತ್ತೆ ತಣ್ಣಗಾಗಿ ಕೂರುತ್ತಿದ್ದವು. ಹಾಗಾದಾಗ ಕೊಬ್ಬು ಒಡೆದು ಬಿಡಿ ಆಮ್ಲ ಹುಟ್ಟುತ್ತೆ, ಅದು ನೊರೆಯನ್ನು ಕೊಲ್ಲುತ್ತೆ. ಹಾಲು ಕಾಯಿಸಿದರೆ ಒಡೆಯುವುದಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲ್ಲ. ಈಗ ಬೆಳಿಗ್ಗೆ ಐದೂವರೆಗೆ ವ್ಯಾನ್ ಇಳಿಸುವಾಗಲೇ ನಾನೇ ತಂದು 4 ಡಿಗ್ರಿಯಲ್ಲಿ ಇಡುತ್ತೇನೆ.

ನಮ್ಮ ಕಡೆ ಲಾಟೆಗೆ ದೊಡ್ಡ ಪರೀಕ್ಷೆ ಬಿಸಿ. 60 ಡಿಗ್ರಿಯಲ್ಲಿ ಕೊಟ್ಟರೆ "ಬಿಸಿನೇ ಇಲ್ಲ, ಇನ್ನೊಂದ್ಸಲ ಕಾಯಿಸಿಕೊಡಿ" ಅಂತ ವಾಪಸ್ ಬರುತ್ತೆ. 70 ದಾಟಿಸಿದರೆ ಹಾಲಿನ ಸಿಹಿ ಹಿಂದೆ ಸರಿದು, ಬೇಯಿಸಿದ ಮೊಟ್ಟೆಯಂಥ ವಾಸನೆ ತೆಳುವಾಗಿ ಸುಳಿಯುತ್ತೆ. ಸಕ್ಕರೆ ಕೇಳುವ ಗಿರಾಕಿ ಹುಟ್ಟುವುದೇ ಅಲ್ಲಿಂದ. ಹಾಲಿನಲ್ಲಿರುವ ಲ್ಯಾಕ್ಟೋಸ್ ಸಕ್ಕರೆಯ ಮುಂದೆ ತೀರಾ ಸಪ್ಪೆ, ಅದನ್ನು ನಾಲಿಗೆಗೆ ಕಾಣಿಸಬೇಕಾದರೆ ಈ ಹದ ತಪ್ಪಬಾರದು. ನಾನು 63ಕ್ಕೆ ನಿಲ್ಲಿಸುತ್ತೇನೆ, ಆದರೆ ದಪ್ಪ ಪಿಂಗಾಣಿ ಕಪ್ಪನ್ನು ಬಿಸಿನೀರಲ್ಲಿ ಮುಳುಗಿಸಿಟ್ಟು, ಒರೆಸಿ, ತಕ್ಷಣ ಸುರಿಯುತ್ತೇನೆ. ಕಪ್ಪು ಕೈಗೆ ಸುಡುತ್ತೆ, ಹಾಲು ಹದದಲ್ಲೇ ಇರುತ್ತೆ. ಇದಾದ ಮೇಲೆ ವಾಪಸ್ ಬರುವುದು ಬಹುತೇಕ ನಿಂತಿತು. ಸ್ಟೀಲ್ ಲೋಟದಲ್ಲೂ ಕೊಟ್ಟು ನೋಡಿದ್ದೇನೆ. ತುಟಿ ಸುಡುತ್ತೆ, ಐದು ನಿಮಿಷಕ್ಕೆ ತಣ್ಣಗೂ ಆಗುತ್ತೆ.

ನೀರಿಗೂ ದುಡ್ಡು ಸುರಿದಿದ್ದೇನೆ. ಬೋರ್‌ವೆಲ್ ನೀರಿಗೆ ಬಾಯ್ಲರ್‌ನಲ್ಲಿ ಸುಣ್ಣ ಕಟ್ಟಿ, ಬಿಚ್ಚಿ ಸರಿಮಾಡಿಸಲು 18,000 ಆಯಿತು. ಪೂರ್ತಿ ಆರ್‌ಒ ಹಾಕಿದರೆ ಸುಣ್ಣ ಕಟ್ಟುವುದಿಲ್ಲ, ಆದರೆ ಕಾಫಿ ಸಪ್ಪೆ. ಹೇಮಾವತಿ ನೀರನ್ನು ಸೋಸಿ ಆರ್‌ಒ ಜೊತೆ ಬೆರೆಸಿ, ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) 120ರ ಹತ್ತಿರ ಇಟ್ಟುಕೊಂಡಿದ್ದೇನೆ.

ಲೆಕ್ಕ ಹೀಗಿದೆ. ಬ್ಲೆಂಡ್ ಹುರಿಸಿದ ಕೂಲಿ ಸೇರಿ ಕೆಜಿಗೆ 800 ಆಸುಪಾಸು ಬೀಳುತ್ತೆ, ಶಾಟಿಗೆ 14-15 ರೂಪಾಯಿ. ಹಾಲು ಲೀಟರಿಗೆ 50, ಜಗ್ಗಿನಲ್ಲಿ ಉಳಿದು ಚೆಲ್ಲುವುದೂ ಸೇರಿ ಕಪ್ಪಿಗೆ 8. ಸರಕಿನ ಖರ್ಚು 23. ಮಾರುವುದು 80ಕ್ಕೆ. ಹಿಂದೆ ದುಬಾರಿ ಕಾಳಿಂದ ದೊಡ್ಡ ಗ್ಲಾಸಿನ ಲಾಟೆ 120ಕ್ಕೆ ಇಟ್ಟಾಗ ಖರ್ಚೇ 40ರ ಹತ್ತಿರ, ದಿನಕ್ಕೆ ಹತ್ತು ಹೋದರೆ ಹೆಚ್ಚು.

ನಡುವೆ ಬೇರೆ ಪ್ರಯೋಗಗಳೂ ಆದವು. ಚಿಕೋರಿ ಬೆರೆತ ಫಿಲ್ಟರ್ ಪುಡಿಯನ್ನು ಮಷಿನ್ನಿನ ಪುಡಿ ಬಟ್ಟಲಿಗೆ (ಬ್ಯಾಸ್ಕೆಟ್) ಹಾಕಿದರೆ ಅಂಟುಅಂಟಾಗಿ ನೀರೇ ಇಳಿಯುವುದಿಲ್ಲ. ದಪ್ಪ ಅರೆದರೆ ಇಳಿಯುತ್ತೆ, ಲಾಟೆ ಚಿಕೋರಿ ಕಷಾಯ ಆಗುತ್ತೆ. ಬೆಲ್ಲದ ಲಾಟೆ ಚೆನ್ನಾಗಿ ಹೋಗುತ್ತೆ, ಆದರೆ ಬೆಲ್ಲವನ್ನು ಹಾಲಿಗೆ ಹಾಕಿ ಸ್ಟೀಮ್ ಕೊಟ್ಟರೆ ಹಾಲು ಒಡೆಯುವ ಭಯ. ಶಾಟಿನ ಕೆಳಗೆ ಬೆಲ್ಲದ ಪಾಕ ಹಾಕಿ ಕರಗಿಸಿ, ಆಮೇಲೆ ಹಾಲು ಸುರಿಯಬೇಕು. ಇನ್ನೊಂದು, ಬರಿಸ್ಟಾ ಸ್ಪರ್ಧೆಗಳಲ್ಲಿ ಮಾಡುವುದು: ಹಾಲನ್ನು ಪೂರ್ತಿ ಹೆಪ್ಪುಗಟ್ಟಿಸಿ, ಮೊದಲು ಕರಗಿ ಇಳಿಯುವ ಅರ್ಧವನ್ನಷ್ಟೇ ಬಳಸುವುದು. ಸಿಹಿ, ಕೊಬ್ಬು ಎಲ್ಲ ಅದರಲ್ಲೇ ಗಟ್ಟಿಯಾಗಿ ಇಳಿದಿರುತ್ತೆ, ಉಳಿದದ್ದು ಬಹುಪಾಲು ನೀರಿನ ಮಂಜುಗಡ್ಡೆ. ಅದರಲ್ಲಿ ಮಾಡಿದ ಲಾಟೆಯ ರುಚಿಯೇ ಬೇರೆ, ಹಾಲುಖೋವಾ ನೆನಪಾಗುತ್ತೆ. ಹಾಲಿನ ಖರ್ಚು ದುಪ್ಪಟ್ಟು, ಹಾಗಾಗಿ ಭಾನುವಾರ ಕೇಳಿದವರಿಗೆ ಮಾತ್ರ, 130ಕ್ಕೆ.

ಬೆಳೆಗಾರರು ಈ ಸಲ ಕೊಯ್ಲಿನಲ್ಲಿ ನನಗಾಗಿ ಹಣ್ಣು ರೋಬಸ್ಟಾ ಬೇರೆ ಕೀಳಿಸಿ ಪಲ್ಪ್ ಮಾಡಿಸಿಟ್ಟಿದ್ದಾರೆ. ಕೆಜಿಗೆ 40 ಜಾಸ್ತಿ ಕೊಡುತ್ತೇನೆ ಅಂತ ಒಪ್ಪಿದ್ದೇನೆ. ಅವರ ತೋಟದಲ್ಲಿ ರೋಬಸ್ಟಾದ ಎರಡು ತಳಿ, ಎಸ್.274 ಒಂದು ಕಡೆ, ಸಿ×ಆರ್ ಇನ್ನೊಂದು ಕಡೆ ಇದೆ. ಸಿ×ಆರ್ ಮೆದು, ಎಸ್.274ಕ್ಕೆ ಮೈ ಜಾಸ್ತಿ. ಎರಡನ್ನೂ ಬೇರೆಬೇರೆ ಹುರಿಸಿ ಮೂರನೇ ಗ್ಲಾಸಿನಲ್ಲಿ ಎದುರುಬದುರು ಇಟ್ಟು ನೋಡುವ ಕೆಲಸ ಮುಂದಿನ ತಿಂಗಳದ್ದು. ಈಗಾಗಲೇ ಹಾಲಲ್ಲಿ ಇವೆರಡನ್ನೂ ಹೋಲಿಸಿ ನೋಡಿದವರು ಇದ್ದರೆ, ಎಷ್ಟು ಭಾಗ ಹಾಕಿದಿರಿ, ಯಾವ ಹದಕ್ಕೆ ಹುರಿಸಿದಿರಿ ಅಂತ ತಿಳಿಸಿ.