ತುಕ್ಕು ತಿಂದ ಪಿಕಪ್ ಹಾಟ್ ರಾಡ್ ಆಗಬೇಕೇ? ಮೊದಲು ತಗಡು ನೋಡಿ

ಹಳೆ ಗಾಡಿಗೆ ಬಲವಾದ ಎಂಜಿನ್ ಕೂರಿಸಿ ಹೊಸರೂಪ ಕೊಟ್ಟದ್ದೇ ಹಾಟ್ ರಾಡ್. ಅಮೆರಿಕದಲ್ಲಿ ಹಳೆ ಪಿಕಪ್ ಕೊಂಡವರ ತಲೆಯಲ್ಲಿ ಮೊದಲು ಓಡುವುದು ಎಂಟು ಸಿಲಿಂಡರಿನ ವಿ8 ಎಂಜಿನ್. ತಗಡಿನ ಕೆಲಸ ಆಮೇಲೆ ನೋಡಿಕೊಂಡರಾಯ್ತು ಅಂತ ಬಿಟ್ಟು, ಕೊನೆಗೆ ಬಾಗಿಲೇ ಮುಚ್ಚದ ಗಾಡಿ ಮಾಡಿಕೊಂಡವರನ್ನು ಸಾಕಷ್ಟು ನೋಡಿದ್ದೇನೆ. 1947ರಿಂದ 1955ರ ಆರಂಭದವರೆಗೆ ಬಂದ ಷೆವರ್ಲೆ ಪಿಕಪ್ಪನ್ನೇ ತೆಗೆದುಕೊಳ್ಳೋಣ.

ಕೊಳ್ಳಲು ಹೋಗುವಾಗ ಸ್ಕ್ರೂಡ್ರೈವರ್ ಜೇಬಲ್ಲಿರಲಿ. ಕ್ಯಾಬಿನ್ನಿನ ಹಿಂದಿನ ಕೆಳಮೂಲೆ, ಕಾಲಿಡುವ ನೆಲ ಚುಚ್ಚಿ ನೋಡಿ. ತೂತಾಗಿದ್ದರೆ ಹೆದರಬೇಡಿ, ಆ ಭಾಗಗಳು ಹೊಸದಾಗಿ ಸಿಗುತ್ತವೆ. ಗಾಡಿಯ ಅಡಿಚೌಕಟ್ಟಾದ ಚಾಸಿ ತುಕ್ಕಿನಿಂದ ಪದರಪದರವಾಗಿ ಏಳುತ್ತಿದ್ದರೆ ಮಾತ್ರ ವಾಪಸ್ ಬನ್ನಿ.

ಬಿಚ್ಚುವಾಗ ಫೋಟೊ ತೆಗೆದಿಡಿ, ಅಷ್ಟೆ. ಆದರೆ ಈ ಸಾಲಿನ 1949ರಿಂದೀಚಿನ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕ್ ಕ್ಯಾಬಿನ್ ಒಳಗೆ, ಸೀಟಿನ ಹಿಂದೆ ಇರುತ್ತದೆ. ಕಿಡಿ ಹಾರುವ ಮೊದಲೇ ಅದು ಹೊರಗೆ ಹೋಗಬೇಕು. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಒಳ್ಳೆ ಮಾಸ್ಕ್ ಹಾಕಿ. ಬಣ್ಣ ತೆಗೆಯಲೆಂದು ಬಾಗಿಲು, ಛಾವಣಿಗಳ ಮೇಲೆ ರಭಸದ ಗಾಳಿಯಲ್ಲಿ ಮರಳು ಹೊಡೆಸಬೇಡಿ. ಅಗಲ ತಗಡು ಸೊಟ್ಟಗಾಗುತ್ತದೆ.

ಈಗ ನಿಜವಾದ ಕೆಲಸ. ಕೊಳೆತ ಮೂಲೆ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಕಬ್ಬಿಣದ ಪೈಪ್ ಬೆಸೆಯಿರಿ. ಇಲ್ಲದಿದ್ದರೆ ಕ್ಯಾಬಿನ್ ಕುಸಿದು ಅಳತೆ ತಪ್ಪುತ್ತದೆ. ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದು ಬದಿಗೆ ಕೈ ಹಾಕಿ. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಸದ್ದು ಬರುವ ಲೋಹ ಸಿಗುವವರೆಗೆ ಕತ್ತರಿಸಿ, ರಟ್ಟಿನಲ್ಲಿ ಅಚ್ಚು ಮಾಡಿ, 18 ಗೇಜ್ (ಸುಮಾರು 1.2 ಮಿ.ಮೀ. ದಪ್ಪ) ತಗಡಿನಲ್ಲಿ ತುಂಡು ತೆಗೆಯಿರಿ. ಅಂಚಿಗೆ ಅಂಚು ಕೂರಲಿ. ತಂತಿಯನ್ನು ತಾನೇ ಉಣಿಸುತ್ತಾ ಬೆಸೆಯುವ ಮಿಗ್ ವೆಲ್ಡರ್‌ಗೆ 0.6 ಮಿ.ಮೀ. ತಂತಿ ಸಾಕು. ಒಂದು ಬೆಸುಗೆ ಚುಕ್ಕೆ ಇಲ್ಲಿ, ಮುಂದಿನದು ದೂರದ ತುದಿಯಲ್ಲಿ. ಒಂದೇ ಕಡೆ ಗೆರೆ ಎಳೆದ ಹಾಗೆ ಬೆಸೆದರೆ ತಗಡು ಹಪ್ಪಳದಂತೆ ಉಬ್ಬುತ್ತದೆ. ಕೈಯಿಟ್ಟರೆ ಸುಡಬಾರದು, ಅಲ್ಲಿವರೆಗೆ ಕಾಯಿರಿ. ನೀರು ಸುರಿದು ತಣಿಸಿ ಅನ್ನುವವರ ಮಾತು ಕೇಳಲೇಬೇಡಿ. ನಾಲ್ಕು ಚುಕ್ಕೆ ಬಿದ್ದ ಕೂಡಲೇ ಬಾಗಿಲು ಕೂರಿಸಿ, ಸಂದು ಮೇಲಿಂದ ಕೆಳಗೆ ಒಂದೇ ಸಮ ಇದೆಯಾ ನೋಡಿ. ಈಗಾದರೆ ಸರಿಪಡಿಸಬಹುದು, ಆಮೇಲೆ ಆಗಲ್ಲ.

ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಒರೆಸಿದ ಜಾಗಕ್ಕೆ ವೆಲ್ಡಿಂಗ್ ಬೇಡವೇ ಬೇಡ. ಅದರಿಂದ ಜೀವ ತೆಗೆಯುವ ಫಾಸ್ಜೀನ್ ಅನಿಲ ಹುಟ್ಟಬಹುದು. ತೂತಿನ ಮೇಲೆ ಜಾಲರಿ ಅಂಟಿಸಿ ಪುಟ್ಟಿ ಮೆತ್ತುವ ಚಾಳಿಯೂ ಬಿಡಿ. ಒಳಗೆ ನೀರು ನಿಂತು ಪುಟ್ಟಿ ತಾನಾಗಿ ಎದ್ದು ಬರುತ್ತದೆ. ತುಕ್ಕನ್ನೇ ಕಪ್ಪಾಗಿಸುವ ಬಾಟಲಿ ದ್ರಾವಣ ಮೇಲ್ಮೇಲಿನ ತುಕ್ಕಿಗೆ ಸರಿ, ತೂತಿಗಲ್ಲ.

ಉಜ್ಜಿ ನುಣುಪಾಗಿಸಿ ತಡಮಾಡದೆ ಎಪಾಕ್ಸಿ ಪ್ರೈಮರ್ (ಬಣ್ಣಕ್ಕೆ ಮೊದಲು ಕೊಡುವ ಲೇಪ) ಹೊಡೆಯಿರಿ. ಮೂಲೆಯ ಒಳಭಾಗಕ್ಕೆ ಮೇಣ ಸಿಂಪಡಿಸಿ. ಇನ್ನು ವಿ8 ಕೊಳ್ಳಬಹುದು. ಆದರೆ ಅದಕ್ಕೂ ಮುಂಚೆ ಮುಂದಿನ ಚಕ್ರಗಳ ಡ್ರಮ್ ಬ್ರೇಕ್ ತೆಗೆಸಿ ಡಿಸ್ಕ್ ಹಾಕಿಸಿ.