ಸ್ಪೀಕರಿನಲ್ಲಿ ಬೇಸ್ ಬರುತ್ತಿರಲಿಲ್ಲ: ದೋಷ ಕೇಬಲಿನಲ್ಲಿತ್ತು

ಲಕ್ಷಣ ಇಷ್ಟೇ: ಬೇಸ್ (ತಗ್ಗಿನ ಗುಡುಗು ದನಿ) ಪೇಲವ, ಹಾಡುವವರ ದನಿ ನಡುವೆ ನಿಲ್ಲದೆ ಎರಡೂ ಕಡೆ ಚೆದುರಿದ ಹಾಗೆ. ಎರಡೂ ಸ್ಪೀಕರ್ 4 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ, ಅಂದರೆ ರೋಧದ, ಅಳತೆ), ಕೇಬಲ್ ಒಂದೊಂದೂ 12 ಮೀಟರ್.

ಟೋನ್ ಕಂಟ್ರೋಲ್ ಏರಿಸಿದೆ, ಸ್ಪೀಕರನ್ನು ಗೋಡೆಗೆ ಸರಿಸಿದೆ, ಚಿನ್ನದ ಲೇಪದ ಪ್ಲಗ್ ಹಾಕಿದೆ. ಏನೂ ಆಗಲಿಲ್ಲ. (ಪ್ಲಗ್ ನೋಡಲು ಮಾತ್ರ ಚೆಂದ.)

ಕೊನೆಗೆ ಆಂಪ್ಲಿಫೈಯರ್ ಆಫ್ ಮಾಡಿ, ಕೇಬಲನ್ನು ಎರಡೂ ತುದಿಯಲ್ಲಿ ಬಿಚ್ಚಿ, ಒಂದು ತುದಿಯ ಎರಡು ತಂತಿಗಳನ್ನು ಹೊಸೆದು, ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಇಟ್ಟೆ. ಮೀಟರಿನ ತಂತಿಗಳದ್ದೇ ರೋಧ ಕಳೆದರೂ ಸುಮಾರು 2 ಓಮ್! 24 ಗೇಜಿನ (AWG) ಸಪೂರ ತಂತಿ; ಹೋಗಿ ಬರುವ ದಾರಿ ಸೇರಿ 24 ಮೀಟರ್. ಅಂದರೆ ವೋಲ್ಟೇಜಿನ ಮೂರನೇ ಒಂದು ಭಾಗ ಕೇಬಲಿನಲ್ಲೇ ಖರ್ಚು.

ಕೇಬಲಿನ ಒಟ್ಟು ರೋಧ ಸ್ಪೀಕರಿನ ಓಮ್‌ನ ಶೇ. 5 ಮೀರಬಾರದು ಎಂಬ ರೂಢಿಯ ಲೆಕ್ಕ ಹಿಡಿದೆ: 4 ಓಮ್‌ಗೆ 0.2. 2.5 ಚದರ ಮಿ.ಮೀ. ತಾಮ್ರದ ಕೇಬಲ್ ಈ ದೂರಕ್ಕೆ 0.17 ಓಮ್ ಆಸುಪಾಸು, ಸಾಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬೇಡ, ಅದೇ ದಪ್ಪಕ್ಕೆ ರೋಧ ಹೆಚ್ಚು.

ಹಳೆಯ ಕೇಬಲಿನಲ್ಲಿ ಯಾವ ತಂತಿ ಯಾವುದೆಂಬ ಗುರುತಿರಲಿಲ್ಲ, ಒಂದು ಸ್ಪೀಕರಿಗೆ ಪ್ಲಸ್-ಮೈನಸ್ ಅದಲುಬದಲಾಗಿತ್ತು. ದನಿ ಚೆದುರಿದ್ದು ಅದಕ್ಕೇ, ಬೇಸ್ ಹೋದದ್ದರಲ್ಲೂ ದೊಡ್ಡ ಪಾಲು ಅದರದ್ದೇ. ಹೊಸ ಕೇಬಲನ್ನು ಸ್ಪೀಕರಿಗೆ ಮಾತ್ರ ಜೋಡಿಸಿ, ಆಂಪ್ಲಿಫೈಯರ್ ಕಡೆಯ ತುದಿಗೆ 1.5 ವೋಲ್ಟ್ ಬ್ಯಾಟರಿ ಕ್ಷಣಮಾತ್ರ ತಾಗಿಸಿದೆ. ಪ್ಲಸ್‌ಗೆ ಪ್ಲಸ್ ಇದ್ದಾಗ ಎರಡೂ ಸ್ಪೀಕರಿನ ವೂಫರ್ (ಬೇಸ್ ನುಡಿಸುವ ಭಾಗ) ಕೋನ್ ಹೊರಕ್ಕೆ ಚಿಮ್ಮಿದವು. ಆಮೇಲೆ 12 ಮಿ.ಮೀ. ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು, ಒಂದೂ ಎಳೆ ಪಕ್ಕದ ಟರ್ಮಿನಲ್‌ಗೆ ತಾಗದಂತೆ ತಿರುಪು ಬಿಗಿದೆ. ಟೋನ್ ಕಂಟ್ರೋಲ್ ಮತ್ತೆ ಸೊನ್ನೆಗೆ.